ಆರು ಜನ, ಎರಡೂವರೆ ಸಾವಿರ: ಅಮ್ಮನ ಹುಟ್ಟುಹಬ್ಬಕ್ಕೆ ಹೋಟೆಲ್ ಊಟ, ಸಲಹೆ ಕೊಡಿ

ಹನುಮಂತನಗರದವಳು
ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಅಮ್ಮನಿಗೆ ಅರವತ್ತು ತುಂಬುತ್ತದೆ. ಅಪ್ಪ ಅಮ್ಮ ಅರಸೀಕೆರೆಯಿಂದ ಬರುತ್ತಿದ್ದಾರೆ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು ಸೇರಿ ಒಟ್ಟು ಆರು ಜನ. ಎಲ್ಲರೂ ಸಸ್ಯಾಹಾರಿಗಳು. ಒಂದು ಒಳ್ಳೆ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಕೂತು ಊಟ ಮಾಡಿಸಬೇಕು ಅಂತ ಆಸೆ. ಟಿಪ್ಸ್ ಸೇರಿಸಿ 2500 ರೂಪಾಯಿ ದಾಟಬಾರದು. ಈ ತಿಂಗಳು ಮಕ್ಕಳ ಸ್ಕೂಲ್ ಫೀಸ್ ಕಟ್ಟಿದ್ದೇವೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ದುಡ್ಡಿನ ಲೆಕ್ಕ ನಾನು ಹೇಗೋ ನೋಡಿಕೊಳ್ಳುತ್ತೇನೆ. ನನ್ನ ಚಿಂತೆ ಬೇರೆ. ನಮ್ಮಮ್ಮ ಮೆನು ಕಾರ್ಡ್ ಕೈಗೆ ಬಂದ ತಕ್ಷಣ ಬಲಗಡೆ ನೋಡುತ್ತಾರೆ. ರೇಟ್ ಓದಿದ ಮೇಲೆ ಕಾರ್ಡ್ ಮಡಚಿಟ್ಟು "ನಂಗೆ ಹಸಿವಿಲ್ಲಮ್ಮ, ಒಂದು ಮೊಸರನ್ನ ಸಾಕು" ಅನ್ನುತ್ತಾರೆ. ಅಪ್ಪ ಅದನ್ನು ಕೇಳಿ "ನಂಗೂ ಅದೇ" ಅನ್ನುತ್ತಾರೆ. ಅವರ ಮುಂದೆ ನಾವು ಪನೀರ್ ತಿನ್ನುತ್ತಾ ಕೂರುವುದು ಹೇಗೆ ಹೇಳಿ? ಹಾಗಾಗದ ಹಾಗೆ, ಟೇಬಲ್ ಮೇಲೆ ಕೊರತೆ ಕಾಣದ ಹಾಗೆ, ಆರೂ ಜನ ಹೊಟ್ಟೆ ತುಂಬ ತಿಂದು ಏಳಬೇಕು. ಯಾವ ಥರ ಹೋಟೆಲ್, ಏನೇನು ಆರ್ಡರ್ ಮಾಡಬೇಕು, ತಿಳಿದವರು ಹೇಳಿ.

ತಿಂಡಿಪ್ರಿಯ ಬಸವನಗುಡಿ
ಅಕ್ಕ, ನೀವಿರುವುದು ಹನುಮಂತನಗರ. ಅಲ್ಲಿಂದ ಗಾಂಧಿ ಬಜಾರಿಗೆ ಎಷ್ಟು ದೂರ? ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋಗಿ. 1943ರಿಂದ ನಡೆಯುತ್ತಿರುವ ಜಾಗ. ಸಪ್ಲೈಯರ್ ತೋಳಿನ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ಮಕ್ಕಳು ನೋಡಲೇಬೇಕು. ಆರು ಜನಕ್ಕೆ ಮಸಾಲೆ ದೋಸೆ, ವಡೆ, ಕಾಫಿ ತಗೊಂಡರೂ ನೀವು ಹೇಳಿದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಮಲ್ಲೇಶ್ವರದ ಕಡೆ ಹೋಗುವುದಾದರೆ ಸಿಟಿಆರ್ ಬೆಣ್ಣೆ ಮಸಾಲೆ ಇದೆ, ವೀಣಾ ಸ್ಟೋರ್ಸ್ ಇಡ್ಲಿ ಇದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರ ಹೋಟೆಲ್, ಅಲ್ಲಿ ಮಧ್ಯಾಹ್ನ ಕೂತು ಉಣ್ಣುವ ಪೂರ್ತಿ ಊಟವೇ ಸಿಗುತ್ತದೆ. ನಮ್ಮೂರಲ್ಲಿ ಇಷ್ಟೆಲ್ಲ ಇರುವಾಗ ನಾನ್, ಗ್ರೇವಿ ಯಾಕೆ ಬೇಕು?

ಹನುಮಂತನಗರದವಳು
ಅಣ್ಣಾ, ಅದೆಲ್ಲ ನನಗೂ ಇಷ್ಟದ ಜಾಗಗಳು. ಆದರೆ ಅಮ್ಮನಿಗೆ ಮಂಡಿ ನೋವು. ಭಾನುವಾರ ಆ ಕ್ಯೂನಲ್ಲಿ ನಿಲ್ಲಿಸುವುದು ಕಷ್ಟ. ಒಳಗೆ ಜಾಗ ಸಿಕ್ಕರೂ ಪಕ್ಕದಲ್ಲಿ ಕಾಯುತ್ತಾ ನಿಂತವರನ್ನು ನೋಡಿ ಅಮ್ಮ ಗಬಗಬ ತಿಂದು ಎದ್ದುಬಿಡುತ್ತಾರೆ. ಇನ್ನೊಂದು ವಿಷಯ, ದೋಸೆ ಇಡ್ಲಿ ಅವರು ಜೀವಮಾನವೆಲ್ಲ ಮಾಡಿದ್ದಾರೆ. ತಂದೂರಿ ರೊಟ್ಟಿ, ಪನೀರ್ ಇಂಥದ್ದನ್ನು ಟಿವಿಯಲ್ಲಿ ನೋಡಿ "ಅದು ಹೆಂಗಿರುತ್ತೋ" ಅಂತ ಮೊಮ್ಮಕ್ಕಳ ಹತ್ತಿರ ಕೇಳಿದ್ದರಂತೆ. ಅದಕ್ಕೇ ಈ ಆಸೆ.

ಜಯನಗರ ನಾಲ್ಕನೇ ಬ್ಲಾಕ್
ಹಾಗಾದರೆ ಒಂದು ವಿಷಯ ಮೊದಲೇ ತಿಳಿದುಕೊಳ್ಳಿ ಮೇಡಂ. ಬೆಂಗಳೂರಿನ ಎಷ್ಟೋ ಹೋಟೆಲುಗಳಲ್ಲಿ ಒಂದೇ ಅಡುಗೆಮನೆಗೆ ಮೂರು ರೇಟ್ ಇರುತ್ತದೆ. ಕೆಳಗೆ ಸೆಲ್ಫ್ ಸರ್ವಿಸ್. ಪಕ್ಕದಲ್ಲೋ ಮೇಲೋ ಸರ್ವಿಸ್ ಸೆಕ್ಷನ್. ಅದರ ಮೇಲೆ ಎಸಿ ಹಾಲ್. ಅದೇ ಪೂರಿ ಸಾಗು, ಅದೇ ಗೋಬಿ, ರೇಟ್ ಮಾತ್ರ ಮೂರು ಥರ.

ದರ್ಶಿನಿ ಅಂತ ಶುರುವಾಗಿದ್ದೇ ಈ ಲೆಕ್ಕದ ಮೇಲೆ. 1983ರಲ್ಲಿ ನಮ್ಮ ಜಯನಗರದಲ್ಲೇ ಕೆಫೆ ದರ್ಶಿನಿ ಬಂತು, ಅದರ ಹಿಂದೆ ಇದ್ದವರು ಆರ್. ಪ್ರಭಾಕರ್. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ಕೂಪನ್ ತಗೊಂಡು ನಿಂತು ತಿಂದು ಹೊರಡುವುದು. ಸಣ್ಣ ಜಾಗದಲ್ಲಿ ಗಂಟೆಗೆ ನೂರಾರು ಜನ ತಿಂದು ಹೋಗುವುದರಿಂದಲೇ ರೇಟ್ ಕಡಿಮೆ ಇಡಲು ಆಗಿದ್ದು. ಅಂದರೆ ಕೂತು ತಿನ್ನುವ ಜಾಗದಲ್ಲಿ ನೀವು ಕುರ್ಚಿಗೆ, ಎಸಿಗೆ, ಬಡಿಸುವವರಿಗೆ ಕೊಡುತ್ತೀರಿ. ಅದು ತಪ್ಪಲ್ಲ. ಅಮ್ಮನಿಗೆ ಬೇಕಾಗಿರುವುದು ಆ ಕುರ್ಚಿಯೇ ಅಲ್ವಾ. ಆದರೆ ಎಸಿ ಹಾಲಿಗೇ ಹೋಗಬೇಕು ಅಂತಿಲ್ಲ. ನೆಲಮಹಡಿಯಲ್ಲೇ ಸರ್ವಿಸ್ ಸೆಕ್ಷನ್ ಇರುವ, ತಂದೂರ್ ಇರುವ ಉಡುಪಿ ಶೈಲಿಯ ಹೋಟೆಲ್ ಹುಡುಕಿ. ಮೆಟ್ಟಿಲೂ ತಪ್ಪುತ್ತದೆ, ಗ್ರೇವಿಗೆ ಐವತ್ತು ಅರವತ್ತು ರೂಪಾಯಿಯೂ ಕಡಿಮೆ.

ಲೆಕ್ಕದ ಬುಕ್ಕು
ನಾನು ಎಲ್ಲ ಬಿಲ್ಲುಗಳನ್ನೂ ಎತ್ತಿಡುತ್ತೇನೆ. ನಮ್ಮ ಮನೆಯವರು ಹೋದ ವರ್ಷ ಆರು ಜನ ಹೋಗಿದ್ದ ಒಂದು ಸಸ್ಯಾಹಾರಿ ಹೋಟೆಲಿನ ಬಿಲ್ ಇಲ್ಲಿ ಹಾಕುತ್ತೇನೆ. ಹೋಟೆಲ್ ಹೆಸರು ಬೇಡ. ದುಡ್ಡು ಎಲ್ಲಿ ಹೋಗುತ್ತದೆ ಅನ್ನುವುದನ್ನು ಮಾತ್ರ ನೋಡಿ.

ಸೂಪ್ ಮೂರು, 420. ಗೋಬಿ ಮಂಚೂರಿ, ಪನೀರ್ ಟಿಕ್ಕಾ, ಬೇಬಿ ಕಾರ್ನ್ ಸೇರಿ 820. ಬಾಟಲಿ ನೀರು ನಾಲ್ಕು, 200. ಫ್ರೆಶ್ ಲೈಮ್ ಸೋಡಾ ನಾಲ್ಕು, 360. ಗ್ರೇವಿ ಮೂರು, 830. ಬಟರ್ ನಾನ್ ಹತ್ತು, 650. ವೆಜ್ ಬಿರಿಯಾನಿ ಎರಡು, 520. ಮೊಸರನ್ನ 140. ಐಸ್‌ಕ್ರೀಮ್ ನಾಲ್ಕು, 480. ಒಟ್ಟು 4420. ಅದರ ಮೇಲೆ ಸರ್ವಿಸ್ ಚಾರ್ಜ್ ಶೇಕಡಾ 10, ಅಂದರೆ 442. ಎರಡೂ ಸೇರಿದ್ದರ ಮೇಲೆ ಜಿಎಸ್‌ಟಿ ಶೇಕಡಾ 5. ಕೊನೆಗೆ ಕೊಟ್ಟಿದ್ದು 5105.

ಮೊದಲ ನಾಲ್ಕು ಸಾಲು ಕೂಡಿಸಿ ನೋಡಿ, 1800. ರೊಟ್ಟಿ ಟೇಬಲ್ಲಿಗೆ ಬರುವ ಮುಂಚೆಯೇ ಅಷ್ಟು ಆಗಿಹೋಗಿತ್ತು. ಸ್ಟಾರ್ಟರ್ ತಿಂದು ಹೊಟ್ಟೆ ತುಂಬಿ, ಎರಡು ಬಿರಿಯಾನಿಯಲ್ಲಿ ಒಂದು ಹಾಗೇ ಉಳಿಯಿತು. ಪಾರ್ಸೆಲ್ ಕಟ್ಟಿಸಿಕೊಂಡು ಬಂದೆವು, ಮಾರನೇ ದಿನ ಬೆಳಿಗ್ಗೆ ಯಾರೂ ಮುಟ್ಟಲಿಲ್ಲ. ಊಟ ಅನ್ನುವುದಕ್ಕೆ, ಅಂದರೆ ರೊಟ್ಟಿ ಗ್ರೇವಿ ಅನ್ನಕ್ಕೆ ಆಗಿದ್ದು 2140 ಅಷ್ಟೇ. ನಿಮ್ಮ 2500 ಸಾಲದು ಅಂತ ಯಾರಾದರೂ ಹೇಳಿದರೆ ನಂಬಬೇಡಿ ಮೇಡಂ. ಖಂಡಿತ ಸಾಕು.

ಒಗ್ಗರಣೆ ಭಟ್ರು
ನಾನು ಬಹಳ ವರ್ಷ ಬೆಂಗಳೂರಿನ ವೆಜ್ ಹೋಟೆಲುಗಳಲ್ಲಿ ಕೆಲಸ ಮಾಡಿದವನು. ಮಾಣಿಯಾಗಿ ಸೇರಿ, ಆಮೇಲೆ ಅಡುಗೆ ಕಡೆ ಹೋದೆ. ಒಳಗಿನ ವಿಷಯ ಹೇಳುತ್ತೇನೆ, ಆರ್ಡರ್ ಮಾಡಲು ಉಪಯೋಗ ಆಗುತ್ತದೆ.

ನಾರ್ತ್ ಇಂಡಿಯನ್ ಸೆಕ್ಷನ್ನಿನಲ್ಲಿ ಪ್ರತಿಯೊಂದು ಗ್ರೇವಿಯನ್ನೂ ನಿಮಗೋಸ್ಕರ ಹೊಸದಾಗಿ ರುಬ್ಬುವುದಿಲ್ಲ. ಬೆಳಿಗ್ಗೆಯೇ ಎರಡು ಮೂರು ಬೇಸ್ ಮಾಡಿ ಇಟ್ಟಿರುತ್ತೇವೆ. ಟೊಮೇಟೊ ಹಾಕಿದ ಕೆಂಪು ಮಖನಿ ಒಂದು. ಈರುಳ್ಳಿ ಹುರಿದು ಮಾಡಿದ ಕಂದು ಮಸಾಲೆ ಒಂದು. ಗೋಡಂಬಿ ಹಾಕಿದ ಬಿಳಿ ಗ್ರೇವಿ ಒಂದು. ಆರ್ಡರ್ ಬಂದಾಗ ಬಾಣಲೆಗೆ ಬೆಣ್ಣೆ, ಒಂದು ಸೌಟು ಬೇಸ್, ಮೇಲೆ ಪನೀರೋ ಬಟಾಣಿಯೋ ಅಣಬೆಯೋ. ಐದು ನಿಮಿಷದ ಕೆಲಸ. ಹಾಗಾಗಿ ಪನೀರ್ ಬಟರ್ ಮಸಾಲ ಹೇಳಿ ಪಕ್ಕದಲ್ಲಿ ಇನ್ನೊಂದು ಮಖನಿ ಹೇಳಿದರೆ ನೀವು ಎರಡು ಸಲ ಒಂದೇ ರುಚಿಗೆ ದುಡ್ಡು ಕೊಟ್ಟ ಹಾಗೆ. ಒಂದು ಕೆಂಪು ಗ್ರೇವಿ ತಗೊಳ್ಳಿ. ಇನ್ನೊಂದು ದಾಲ್ ತಡ್ಕಾ ತಗೊಳ್ಳಿ. ದಾಲ್‌ಗೆ ರೇಟ್ ಕಡಿಮೆ, ಬಟ್ಟಲಲ್ಲಿ ಬರುವುದು ಜಾಸ್ತಿ, ರೊಟ್ಟಿಗೂ ಆಗುತ್ತದೆ ಅನ್ನಕ್ಕೂ ಆಗುತ್ತದೆ. ವಯಸ್ಸಾದವರಿಗೆ ಹೊಟ್ಟೆಗೂ ಹಗುರ. ಆರು ಜನಕ್ಕೆ, ಅದರಲ್ಲಿ ಇಬ್ಬರು ಮಕ್ಕಳು ಅಂದರೆ, ಎರಡು ಬಟ್ಟಲು ಸಾಕು. ಸಾಲದಿದ್ದರೆ ಆಮೇಲೆ ಹೇಳಿದರಾಯಿತು, ಅಡುಗೆಮನೆ ಎಲ್ಲಿಗೂ ಹೋಗುವುದಿಲ್ಲ.

ಇನ್ನು ರೊಟ್ಟಿ. ಹತ್ತು ನಾನ್ ಒಟ್ಟಿಗೆ ಹೇಳುವುದು ಎಲ್ಲರೂ ಮಾಡುವ ಕೆಲಸ. ನಾನ್ ಮೈದಾ ಹಿಟ್ಟಿನದು, ತಂದೂರಿನಿಂದ ತೆಗೆದಾಗ ಹೂವಿನ ಹಾಗಿರುತ್ತದೆ, ಹತ್ತು ನಿಮಿಷ ಬಿಟ್ಟರೆ ಎಳೆದರೂ ಹರಿಯುವುದಿಲ್ಲ. ವಯಸ್ಸಾದವರ ಹಲ್ಲಿಗೆ ಕಷ್ಟ. ಸಪ್ಲೈಯರ್‌ಗೆ "ಮೂರು ಮೂರೇ ತನ್ನಿ, ಬಿಸಿ ಬಿಸಿ ತನ್ನಿ" ಅಂತ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಂದೂರಿ ರೊಟ್ಟಿ ನಾನ್‌ಗಿಂತ ಇಪ್ಪತ್ತು ರೂಪಾಯಿ ಕಡಿಮೆ, ಹೊಟ್ಟೆಯೂ ತುಂಬುತ್ತದೆ. ಅಮ್ಮನ ರೊಟ್ಟಿಗೆ ಸ್ವಲ್ಪ ಬೆಣ್ಣೆ ಸವರಿಸಿ, ಮೆತ್ತಗಾಗುತ್ತದೆ.

ಗೋಬಿ ಮಂಚೂರಿ ಡ್ರೈ ಒಂದು ಪ್ಲೇಟ್ ತಗೊಳ್ಳಿ, ಬಿಡಬೇಡಿ. ಮಕ್ಕಳಿಗೆ ಅದೇ ಹಬ್ಬ. ಸೂಪ್ ಬೈ ಟೂ ಮಾಡಿಸಿ. ನಮ್ಮೂರಲ್ಲಿ ಬೈ ಟೂ ಕೇಳುವುದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ, ಅಡುಗೆಮನೆಯಲ್ಲೇ ಎರಡು ಬಟ್ಟಲಿಗೆ ಹಾಕಿ ಕಳಿಸುತ್ತೇವೆ, ಟೇಬಲ್ಲಿಗೆ ಬರುವಾಗ ಪ್ರತಿಯೊಬ್ಬರ ಮುಂದೂ ತುಂಬಿದ ಬಟ್ಟಲೇ ಇರುತ್ತದೆ. ನೀವು ಕೇಳಿದ ಕೊರತೆ ಕಾಣದ ಹಾಗೆ ಅನ್ನುವುದು ಇದೇ.

ನೇರ ಮಾತು
ಇಷ್ಟೊಂದು ಲೆಕ್ಕ ಹಾಕಿಕೊಂಡು ಹೋಟೆಲಿಗೆ ಹೋಗಬೇಕಾ? ಅದೇ ದುಡ್ಡಿಗೆ ಮನೆಯಲ್ಲೇ ಒಬ್ಬಟ್ಟು, ಪಾಯಸ, ಪುಳಿಯೋಗರೆ ಮಾಡಿ ಇಪ್ಪತ್ತು ಜನಕ್ಕೆ ಹಾಕಬಹುದು. ಶುಚಿಯಾಗಿಯೂ ಇರುತ್ತದೆ.

ಹನುಮಂತನಗರದವಳು
ಸರ್, ಮನೆಯಲ್ಲಿ ಒಬ್ಬಟ್ಟು ಮಾಡಿದರೆ ಹೂರಣ ರುಬ್ಬುವುದು ಯಾರು ಅಂದುಕೊಂಡಿದ್ದೀರಿ? ನಾನು ಎಷ್ಟೇ ಬೇಡ ಅಂದರೂ ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಬೇಳೆ ಬೇಯಿಸಲು ಇಡುತ್ತಾರೆ. ಕೂತ್ಕೋಮ್ಮಾ ಅಂದರೆ ಕೂರುವುದಿಲ್ಲ. ಅರವತ್ತು ವರ್ಷದಲ್ಲಿ ನಲವತ್ತು ವರ್ಷಕ್ಕಿಂತ ಜಾಸ್ತಿ ಒಲೆ ಮುಂದೆ ನಿಂತಿದ್ದಾರೆ. ಹುಟ್ಟಿದ ದಿನವಾದರೂ ಅವರು ಕೂತಿರಬೇಕು, ಬೇರೆ ಯಾರೋ ಬಿಸಿ ರೊಟ್ಟಿ ತಂದು ತಟ್ಟೆಗೆ ಹಾಕಬೇಕು. ಅದಕ್ಕೇ ಹೋಟೆಲ್. ಲೆಕ್ಕ ಹಾಕುತ್ತಿರುವುದು ಇರುವ ದುಡ್ಡಿನಲ್ಲೇ ಅದನ್ನು ಮಾಡಬೇಕು ಅಂತ.

ಒಗ್ಗರಣೆ ಭಟ್ರು
ಸರಿಯಾಗಿ ಹೇಳಿದಿರಿ ತಾಯಿ.

ಲೆಕ್ಕದ ಬುಕ್ಕು
ಬಿಲ್ ಬಂದಾಗ ನೋಡಬೇಕಾದ ಮೂರು ವಿಷಯ ಹೇಳಿಬಿಡುತ್ತೇನೆ, ಸುಮ್ನೆ ಗೊಂದಲ ಬೇಡ.

ಒಂದು ಜಿಎಸ್‌ಟಿ. 2017ರ ನವೆಂಬರ್ 15ಕ್ಕೆ ಮುಂಚೆ ಎಸಿ ಇದ್ದರೆ ಶೇಕಡಾ 18, ಎಸಿ ಇಲ್ಲದಿದ್ದರೆ 12 ಇತ್ತು. ಆ ದಿನದಿಂದ ಎರಡಕ್ಕೂ 5. ಈಗಲೂ ಎಸಿಗೆ ಟ್ಯಾಕ್ಸ್ ಜಾಸ್ತಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 18 ಇರುವುದು ದಿನಕ್ಕೆ 7500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ರೂಮುಗಳಿರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿಗೆ, ಅಲ್ಲಿಗೆ ನಾವು ಹೋಗುತ್ತಿಲ್ಲ. ಸಣ್ಣ ಹೋಟೆಲುಗಳು, ವರ್ಷಕ್ಕೆ ಒಂದೂವರೆ ಕೋಟಿಯೊಳಗೆ ವ್ಯಾಪಾರ ಇರುವವರು, ಕಾಂಪೊಸಿಷನ್ ಸ್ಕೀಮಿನಲ್ಲಿ ಇರಬಹುದು. ಅವರು ಟ್ಯಾಕ್ಸನ್ನು ತಮ್ಮ ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ಮೇಲೆ "ಕಾಂಪೊಸಿಷನ್ ಟ್ಯಾಕ್ಸಬಲ್ ಪರ್ಸನ್" ಅಂತ ಬರೆದಿದ್ದು, ಕೆಳಗೆ ಜಿಎಸ್‌ಟಿ ಅಂತಲೂ ಹಾಕಿದ್ದರೆ ನೇರವಾಗಿ ಕೇಳಿ.

ಎರಡು ಸರ್ವಿಸ್ ಚಾರ್ಜ್. ಇದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, 2025ರ ಮಾರ್ಚ್ 28ರಂದು ಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಆದ್ದರಿಂದ ಬಿಲ್ಲಿನಲ್ಲಿ ಇದ್ದರೆ ತೆಗೆಸಿ. ಕೂಗಾಡುವುದು ಬೇಡ, ಕ್ಯಾಷ್ ಕೌಂಟರಿನಲ್ಲಿ ಮೆಲ್ಲಗೆ ಹೇಳಿದರೆ ಸಾಮಾನ್ಯವಾಗಿ ತೆಗೆದು ಬೇರೆ ಬಿಲ್ ಕೊಡುತ್ತಾರೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಆದರೆ ಹುಟ್ಟುಹಬ್ಬದ ದಿನ ಅಮ್ಮನ ಮುಂದೆ ಜಗಳ ಯಾಕೆ? ಮೊದಲೇ ಫೋನ್ ಮಾಡಿ "ಸರ್ವಿಸ್ ಚಾರ್ಜ್ ಹಾಕುತ್ತೀರಾ" ಅಂತ ಕೇಳಿಬಿಡಿ. ಹೌದು ಅಂದರೆ ಬೇರೆ ಹೋಟೆಲ್ ನೋಡಿ.

ಮೂರು, ನೀರು.

ಮಂಡ್ಯದ ಗೌಡ್ರ ಹುಡುಗ
ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ ಅಲ್ವಾ ಸರ್? ನಾನಂತೂ ಪ್ರತಿ ಸಲ ಇದಕ್ಕೇ ಜಗಳ ಆಡುತ್ತೇನೆ.

ಲೆಕ್ಕದ ಬುಕ್ಕು
ಅಂಗಡಿಯಲ್ಲಿ ತಗೊಳ್ಳುವಂತಿಲ್ಲ. ಹೋಟೆಲಿನಲ್ಲಿ ಕೂತು ಕುಡಿಯುವಾಗ ಹಾಗಲ್ಲ ಗೌಡ್ರೇ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ಹೇಳಿತು. ಅಲ್ಲಿ ಬರೀ ಬಾಟಲಿ ಮಾರಾಟ ನಡೆಯುತ್ತಿಲ್ಲ, ಜಾಗ, ಸೇವೆ ಎಲ್ಲ ಸೇರಿದೆ ಅನ್ನುವುದು ವಾದ. ಹಾಗಾಗಿ ಆ ಜಗಳದಲ್ಲಿ ಗೆಲ್ಲುವುದಿಲ್ಲ. ಸುಲಭದ ದಾರಿ ಬೇರೆ ಇದೆ. ಕೂತ ತಕ್ಷಣ ಸಪ್ಲೈಯರ್ "ನಾರ್ಮಲ್ಲಾ ಬಿಸ್ಲೇರಿನಾ" ಅಂತ ಕೇಳುತ್ತಾನೆ. ಕೆಲವು ಕಡೆ ಕೇಳದೆಯೇ ಬಾಟಲಿ ಸೀಲ್ ಒಡೆದು ಇಟ್ಟುಬಿಡುತ್ತಾರೆ. ಅವನು ಕೈ ಹಾಕುವ ಮುಂಚೆಯೇ "ಮಾಮೂಲಿ ನೀರು ಕೊಡಿ, ಅಮ್ಮನಿಗೆ ಬಿಸಿನೀರು ಕೊಡಿ" ಅನ್ನಿ. ಆರು ಜನಕ್ಕೆ ಇನ್ನೂರು ರೂಪಾಯಿ ಉಳಿಯಿತು, ಆ ದುಡ್ಡಿಗೆ ಎಲ್ಲರಿಗೂ ಸ್ವೀಟ್ ಬರುತ್ತದೆ.

ಧಾರವಾಡದ ಮಂದಿ
ಅಕ್ಕಾರ, ನಾರ್ತ್ ಇಂಡಿಯನ್ನೇ ಬೇಕಂದ್ರ ಅಡ್ಡಿ ಇಲ್ಲ. ಆದರ ಇನ್ನೊಮ್ಮೆ ಬಂದಾಗ ಖಾನಾವಳಿಗೆ ಕರ್ಕೊಂಡು ಹೋಗ್ರಿ. ಬೆಂಗಳೂರಾಗೂ ಭಾಳ ಅದಾವ. ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಮ್ಯಾಲೆ ಅನ್ನ ಸಾರು. ತಾಟಿಗೆ ಇಷ್ಟು ಅಂತ ಮೊದಲೇ ಗೊತ್ತಿರತದ, ಮೆನು ಕಾರ್ಡೇ ಇರೂದಿಲ್ಲ. ಪಲ್ಯ ಮತ್ತ ಮತ್ತ ಹಾಕತಾರ. ನಿಮ್ಮ ಅವ್ವ ರೇಟ್ ನೋಡಾಕ ಜಾಗಾನ ಇಲ್ಲ ನೋಡ್ರಿ.

ಜಯನಗರ ನಾಲ್ಕನೇ ಬ್ಲಾಕ್
ಧಾರವಾಡದವರು ಹೇಳಿದ್ದರಲ್ಲಿ ದೊಡ್ಡ ವಿಷಯ ಇದೆ. ತಾಟಿನ ಲೆಕ್ಕ ಇದ್ದರೆ ಕೈ ತಪ್ಪಿ ಖರ್ಚಾಗುವುದಿಲ್ಲ. ವೆಜ್ ಹೋಟೆಲುಗಳಲ್ಲೂ ಮಧ್ಯಾಹ್ನ ನಾರ್ತ್ ಇಂಡಿಯನ್ ಥಾಲಿ, ಸೌತ್ ಇಂಡಿಯನ್ ಥಾಲಿ ಇರುತ್ತದೆ. ಥಾಲಿಯಲ್ಲಿ ಎರಡು ರೊಟ್ಟಿ, ಎರಡು ಪಲ್ಯ, ದಾಲ್, ಅನ್ನ, ಮೊಸರು, ಸ್ವೀಟ್ ಎಲ್ಲ ಬರುತ್ತದೆ. ಮಕ್ಕಳಿಬ್ಬರಿಗೆ ಒಂದೇ ಥಾಲಿ ಹಂಚಬಹುದಾ ಅಂತ ಮಾತ್ರ ಮೊದಲೇ ಕೇಳಿ. ಅನ್‌ಲಿಮಿಟೆಡ್ ಇದ್ದರೆ ಹಂಚಲು ಬಿಡುವುದಿಲ್ಲ, ಅದು ನ್ಯಾಯವೂ ಹೌದು.

ಪಿಜಿ ವಾಸಿ ವಿಜಯನಗರ
ಅಕ್ಕ, ನಾನು ಇನ್ನೂ ಓದುತ್ತಿದ್ದೇನೆ. ನಮ್ಮ ಪಿಜಿಯ ನಾಲ್ಕು ಜನ ತಿಂಗಳಿಗೊಮ್ಮೆ ಒಳ್ಳೆ ಹೋಟೆಲಿಗೆ ಹೋಗುತ್ತೇವೆ. ಅದಕ್ಕೆ ದುಡ್ಡು ಹೇಗೆ ಉಳಿಸುವುದು ಅಂದರೆ ಬೇರೆ ದಿನಗಳಲ್ಲಿ ಇಂದಿರಾ ಕ್ಯಾಂಟೀನ್. 2017ರ ಆಗಸ್ಟಿನಲ್ಲಿ ಶುರುವಾದಾಗ ತಿಂಡಿ 5 ರೂಪಾಯಿ, ಊಟ 10 ರೂಪಾಯಿ ಇಟ್ಟಿದ್ದರು. ನಮ್ಮಂಥವರಿಗೆ ಅದು ದೊಡ್ಡ ಆಸರೆ. ಹೋಟೆಲಿಗೆ ಹೋದಾಗ ನಾವು ಮಾಡುವುದು ಒಂದೇ, ಬೈ ತ್ರೀ ಗೋಬಿ ಬಿಟ್ಟರೆ ಬೇರೆ ಸ್ಟಾರ್ಟರ್ ಇಲ್ಲ, ಕೂಲ್ ಡ್ರಿಂಕ್ಸ್ ಇಲ್ಲ. ಹೊರಗೆ ಬಂದ ಮೇಲೆ ಬೇಕರಿಯಲ್ಲಿ ಬಾದಾಮಿ ಹಾಲು.

ಆ್ಯಪ್ ಆಫರ್ ಬಗ್ಗೆಯೂ ಹೇಳುತ್ತೇನೆ. ಕೂತು ತಿನ್ನುವುದಕ್ಕೂ ಆ್ಯಪಿನಲ್ಲಿ ಬಿಲ್ ಕಟ್ಟಿದರೆ ಡಿಸ್ಕೌಂಟ್ ಕೊಡುವ ಹೋಟೆಲುಗಳಿವೆ. ಆದರೆ ಕೆಲವು ಆಫರ್ ಭಾನುವಾರ ನಡೆಯುವುದಿಲ್ಲ, ಕೆಲವಕ್ಕೆ ಮೊದಲೇ ಬುಕ್ ಮಾಡಿರಬೇಕು, ಕೆಲವು ಬಫೆಗೆ ಅನ್ವಯ ಆಗುವುದಿಲ್ಲ. ಕೂರುವ ಮುಂಚೆ ಕೌಂಟರಿನಲ್ಲಿ ಫೋನ್ ತೋರಿಸಿ "ಇದು ಇವತ್ತು ನಡೆಯುತ್ತಾ" ಅಂತ ಕೇಳಿ. ತಿಂದ ಮೇಲೆ ಕೇಳಿದರೆ ಉಪಯೋಗ ಇಲ್ಲ.

ಯೂಸ್ಟನ್ ಕನ್ನಡತಿ
ಲಂಡನ್ನಿನಿಂದ ಓದುತ್ತಿದ್ದೇನೆ. ಇಲ್ಲೂ ಅದೇ ಕಥೆ. ಯೂಸ್ಟನ್ ಸ್ಟೇಷನ್ ಹಿಂದೆ ಡ್ರಮಂಡ್ ಸ್ಟ್ರೀಟ್ ಅಂತ ಇದೆ, ಭೇಲ್‌ಪುರಿ, ದೋಸೆ, ಥಾಲಿ ಸಿಗುವ ಇಂಡಿಯನ್ ಹೋಟೆಲುಗಳ ಸಾಲು. ಊರಿಂದ ಅತ್ತೆ ಮಾವ ಬಂದಾಗ ಮಧ್ಯಾಹ್ನವೇ ಅಲ್ಲಿಗೆ ಹೋಗುತ್ತೇವೆ, ರಾತ್ರಿ ಹೋದರೆ ಖರ್ಚು ಜಾಸ್ತಿ. ಇಲ್ಲಿ ಬಿಲ್ಲಿಗೆ ಶೇಕಡಾ 12.5 ಸರ್ವಿಸ್ ಚಾರ್ಜ್ ಸೇರಿಸುವುದು ರೂಢಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಆಪ್ಷನಲ್" ಅಂತ ಇರುತ್ತದೆ. ನಲ್ಲಿ ನೀರು ಕೇಳಿದರೆ ಜಗ್ ತುಂಬ ಪುಕ್ಕಟೆ ಕೊಡುತ್ತಾರೆ. ಅತ್ತೆಯವರು ರೇಟನ್ನು ರೂಪಾಯಿಗೆ ಗುಣಿಸಿ ನೋಡಿ ಊಟವನ್ನೇ ಬಿಡುತ್ತಿದ್ದರು. ಈಗ ನಾವು ಅವರ ಕೈಗೆ ಮೆನು ಕೊಡುವುದೇ ಇಲ್ಲ. ಮನೆಯಲ್ಲಿ ಹೊರಡುವ ಮುಂಚೆ "ಬದನೆಕಾಯಿ ತಿನ್ನುತ್ತೀರಾ, ಪಾಲಕ್ ತಿನ್ನುತ್ತೀರಾ" ಅಂತ ಮಾತಿಗೆ ಮಾತು ಬಂದ ಹಾಗೆ ಕೇಳಿ ತಿಳಿದುಕೊಳ್ಳುತ್ತೇವೆ. ಅಲ್ಲಿ ಹೋಗಿ ನಮ್ಮವರು ಎಲ್ಲರ ಪರವಾಗಿ ಹೇಳಿಬಿಡುತ್ತಾರೆ.

ಒಗ್ಗರಣೆ ಭಟ್ರು
ಲಂಡನ್ ಅಕ್ಕ ಹೇಳಿದ್ದೇ ಸರಿಯಾದ ದಾರಿ. ಮೇಡಂ, ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಎರಡು ದಿನ ಮುಂಚೆ ಸಂಜೆ ನಾಲ್ಕು ಗಂಟೆ ಸುಮಾರಿಗೆ ಹೋಟೆಲಿಗೆ ಹೋಗಿ ಬನ್ನಿ. ಆ ಹೊತ್ತಿಗೆ ರಷ್ ಇರುವುದಿಲ್ಲ. ಕ್ಯಾಪ್ಟನ್ ಹತ್ತಿರ ಮಾತಾಡಿ. "ಭಾನುವಾರ ಆರು ಜನ ಬರುತ್ತೇವೆ, ಅಮ್ಮನ ಅರವತ್ತನೇ ಹುಟ್ಟುಹಬ್ಬ, ಇಷ್ಟು ಐಟಂ ಬೇಕು, ಮೆನು ಕಾರ್ಡ್ ಟೇಬಲ್ ಮೇಲೆ ಇಡಬೇಡಿ, ಬಿಲ್ಲನ್ನು ಕೌಂಟರಿನಲ್ಲೇ ಇಟ್ಟುಕೊಳ್ಳಿ" ಅನ್ನಿ. ನಾನು ಕೆಲಸ ಮಾಡಿದ ಜಾಗಗಳಲ್ಲಿ ಇಂಥದ್ದನ್ನು ಎಷ್ಟೋ ಮನೆಯವರು ಕೇಳಿದ್ದಾರೆ. ನಮಗೂ ಖುಷಿ ಆಗುತ್ತದೆ, ಯಾರದೋ ಮನೆಯ ಅಮ್ಮನಿಗೆ ಬಡಿಸುತ್ತಿದ್ದೇವೆ ಅಂತ ಗೊತ್ತಾದರೆ ರೊಟ್ಟಿ ಕೂಡ ಬೇಗ ಬರುತ್ತದೆ.

ಭಾನುವಾರ ಹನ್ನೆರಡೂಕಾಲಿಗೆ ಕೂತುಬಿಡಿ. ಒಂದು ಗಂಟೆ ಆದ ಮೇಲೆ ತಂದೂರಿನ ಮುಂದೆ ಆರ್ಡರ್ ಚೀಟಿಗಳು ಸಾಲು ನಿಲ್ಲುತ್ತವೆ. ಗ್ರೇವಿ ಬಂದು ಆರಿಹೋದರೂ ರೊಟ್ಟಿ ಬರುವುದಿಲ್ಲ.

ಟಿಪ್ಸ್ ನೂರು ರೂಪಾಯಿ ಎತ್ತಿಟ್ಟುಕೊಳ್ಳಿ. ಸರ್ವಿಸ್ ಚಾರ್ಜ್ ಬೇಡ ಅನ್ನುವುದು ಒಂದು, ಬಡಿಸಿದವನಿಗೆ ಕೊಡುವುದು ಇನ್ನೊಂದು. ಟೇಬಲ್ ಮೇಲೆ ಬಿಡಬೇಡಿ, ಬಿಲ್ ಫೋಲ್ಡರಿನಲ್ಲೂ ಇಡಬೇಡಿ. ಅವನ ಕೈಗೇ ಕೊಡಿ. ಊರು ಬಿಟ್ಟು ಬಂದ ಹುಡುಗರು, ಎರಡು ಹೊತ್ತು ನಿಂತೇ ಇರುತ್ತಾರೆ. ಬಜೆಟ್ ಸಣ್ಣದು ಅಂತ ಅವರ ಪಾಲಿನಿಂದ ಕತ್ತರಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದು ಲೈಮ್ ಸೋಡಾ ಬಿಟ್ಟರೆ ಆ ದುಡ್ಡು ಬಂತು.

ಮಂಡ್ಯದ ಗೌಡ್ರ ಹುಡುಗ
ಭಟ್ರೇ, ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾವು ಮಿಲಿಟರಿ ಹೋಟೆಲ್ ಕಡೆಯವರು, ಮುದ್ದೆ ಸಾರು ಬಡಿಸುವವರಿಗೂ ಹಾಗೇ ಕೈಗೆ ಕೊಡುತ್ತೇವೆ.

ಹನುಮಂತನಗರದವಳು
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಹೋಗಿ ಬಂದೆವು. ಏನೇನಾಯಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಲಿ.

ನೆಲಮಹಡಿಯ ಸರ್ವಿಸ್ ಸೆಕ್ಷನ್ ಇರುವ, ಎಸಿ ಇಲ್ಲದ ಒಂದು ಹೋಟೆಲ್ ಸಿಕ್ಕಿತು. ಫೋನಿನಲ್ಲೇ ಸರ್ವಿಸ್ ಚಾರ್ಜ್ ಇಲ್ಲ ಅಂದರು. ಶುಕ್ರವಾರ ಸಂಜೆ ಹೋಗಿ ಕ್ಯಾಪ್ಟನ್‌ಗೆ ಎಲ್ಲ ಹೇಳಿ ಬಂದೆ. ಅವರು ಕುಂದಾಪುರದ ಕಡೆಯವರು, "ನೀವು ಆರಾಮಾಗಿ ಬನ್ನಿ ಅಕ್ಕ, ನಾನು ನೋಡಿಕೊಳ್ಳುತ್ತೇನೆ" ಅಂದರು.

ಭಾನುವಾರ ಹನ್ನೆರಡೂಕಾಲಿಗೆ ಫ್ಯಾನ್ ಕೆಳಗಿನ ಟೇಬಲ್ ಇಟ್ಟಿದ್ದರು. ಮೆನು ಬರಲೇ ಇಲ್ಲ. ಅಮ್ಮ ಒಂದು ಸಲ "ಕಾರ್ಡ್ ಕೊಡಲ್ವಾ" ಅಂದರು, ನಮ್ಮವರು "ಹೇಳಿ ಆಗಿದೆ ಅತ್ತೆ" ಅಂದರು. ಅಷ್ಟರಲ್ಲಿ ಸೂಪ್ ಬಂತು. ಬೈ ಟೂ ಅಂತ ಅಮ್ಮನಿಗೆ ಗೊತ್ತಾಗಲೇ ಇಲ್ಲ.

ಬಿಲ್ ಹೀಗಿದೆ. ಟೊಮೇಟೊ ಸೂಪ್ ಎರಡು, ನಾಲ್ಕು ಬಟ್ಟಲು ಮಾಡಿದ್ದು, 260. ಗೋಬಿ ಮಂಚೂರಿ 220. ಪನೀರ್ ಬಟರ್ ಮಸಾಲ 280. ದಾಲ್ ತಡ್ಕಾ 210. ತಂದೂರಿ ರೊಟ್ಟಿ ಎಂಟು, 320. ಮಕ್ಕಳಿಗೆ ಬಟರ್ ನಾನ್ ಎರಡು, 120. ವೆಜ್ ಬಿರಿಯಾನಿ ಒಂದು, 240, ಅದರ ಜೊತೆ ರಾಯಿತ ಬಂತು. ಮೊಸರನ್ನ 130. ಗುಲಾಬ್ ಜಾಮೂನ್ ಮೂರು ಪ್ಲೇಟ್, ಪ್ಲೇಟಿಗೆ ಎರಡು ಜಾಮೂನ್, 210. ಒಟ್ಟು 1990. ಜಿಎಸ್‌ಟಿ ಸೇರಿ 2090. ಬಡಿಸಿದ ಹುಡುಗನ ಕೈಗೆ ನೂರು, ಆಮೇಲೆ ಇನ್ನೊಂದು ಐವತ್ತು ಸೇರಿಸಿದೆ, ಅಷ್ಟು ಚೆನ್ನಾಗಿ ನೋಡಿಕೊಂಡ.

ಭಟ್ರೇ, ನೀವು ಹೇಳಿದ ದಾಲ್ ಸೂಪರ್. ಅಮ್ಮನಿಗೆ ಪನೀರಿಗಿಂತ ಅದೇ ಇಷ್ಟವಾಯಿತು. ಮೊದಲ ರೊಟ್ಟಿ ಮುರಿದು ಮೂಗಿನ ಹತ್ತಿರ ತಂದು, "ಒಲೆ ಮೇಲೆ ಸುಟ್ಟ ವಾಸನೆ ಬರ್ತದಲ್ಲೇ" ಅಂದರು. ಎರಡು ರೊಟ್ಟಿ ತಿಂದರು, ಗೋಬಿಯನ್ನು ಮಕ್ಕಳ ಜೊತೆ ಕಿತ್ತಾಡಿ ತಿಂದರು, ಕೊನೆಗೆ ಮೊಸರನ್ನವನ್ನೂ ಬಿಡಲಿಲ್ಲ. ಅಪ್ಪ ಹೊರಗೆ ಬಂದ ಮೇಲೆ ನಮ್ಮವರ ಹತ್ತಿರ ಮೆಲ್ಲಗೆ "ಎಷ್ಟಾಯ್ತು" ಅಂತ ಕೇಳಿದರು. ಹೇಳಿದರಂತೆ. "ಆರು ಜನಕ್ಕೆ ಪರವಾಗಿಲ್ಲ" ಅಂದರಂತೆ.

ನೇರ ಮಾತು
ಒಳ್ಳೆಯದಾಯಿತು ಅಮ್ಮ. ನೀವು ಮಾಡಿದ್ದು ಸರಿ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಪಿಜಿ ವಾಸಿ ವಿಜಯನಗರ
ಅಕ್ಕ, ಆ ಹೋಟೆಲ್ ಯಾವ ರೋಡ್? ನಮ್ಮಮ್ಮನನ್ನೂ ಕರೆದುಕೊಂಡು ಹೋಗಬೇಕು, ಶಿರಾದಿಂದ ಬರುತ್ತಾರೆ.

ಹನುಮಂತನಗರದವಳು
ಮೆಸೇಜ್ ಮಾಡಿದ್ದೇನೆ ತಮ್ಮ. ಕ್ಯಾಪ್ಟನ್‌ಗೆ ನನ್ನ ಅಮ್ಮನ ಹುಟ್ಟುಹಬ್ಬದ ವಿಷಯ ಹೇಳು, ನೆನಪಿರುತ್ತದೆ.

ಮೈಸೂರು ಅಗ್ರಹಾರ
ತಡವಾಗಿ ಬಂದೆ. ನಮ್ಮದು ಹತ್ತು ಜನ, ಮೈಸೂರಿನಲ್ಲಿ, ಮಗಳ ಪಿಯುಸಿ ಪಾಸಾದ ಖುಷಿಗೆ. ಇದೇ ಲೆಕ್ಕ ನಡೆಯುತ್ತದಾ?

ಒಗ್ಗರಣೆ ಭಟ್ರು
ಹತ್ತು ಜನ ಅಂದರೆ ಬಿಡಿಬಿಡಿಯಾಗಿ ಆರ್ಡರ್ ಮಾಡಬೇಡಿ ಸರ್. ಮ್ಯಾನೇಜರ್ ಹತ್ತಿರ ಪಾರ್ಟಿ ಮೆನು ಕೇಳಿ. ತಲೆಗೆ ಇಷ್ಟು ಅಂತ ಮಾತಾಡಿ, ಒಂದು ಸೂಪ್, ಒಂದು ಸ್ಟಾರ್ಟರ್, ಎರಡು ಗ್ರೇವಿ, ರೊಟ್ಟಿ, ಒಂದು ರೈಸ್, ಮೊಸರನ್ನ, ಸ್ವೀಟ್. ಟ್ಯಾಕ್ಸ್ ಸೇರಿ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ವಾರದ ದಿನ ಮಧ್ಯಾಹ್ನ ಆದರೆ ಇನ್ನೂ ಸ್ವಲ್ಪ ಇಳಿಸುತ್ತಾರೆ. ಊರಿನ ಹಳೇ ವೆಜ್ ಹೋಟೆಲುಗಳಲ್ಲಿ ಮೊದಲು ಕೇಳಿ ನೋಡಿ, ಮಗಳಿಗೆ ಏನಿಷ್ಟ ಅಂತ ಹೇಳಿದರೆ ಅದಕ್ಕೆ ತಕ್ಕ ಹಾಗೆ ನಾನೂ ಒಂದು ಮೆನು ಬರೆದುಕೊಡುತ್ತೇನೆ.